ತಾಂಡಾದ ಮನೆಗೆ ಹಕ್ಕುಪತ್ರ ಬಂತು, ಆದರೆ ಅಲ್ಲಿ ಈಗ ಯಾರೂ ಇಲ್ಲ. ಮಾರೋದಾ, ಇಟ್ಟುಕೊಳ್ಳೋದಾ?

ಕಂಡಕ್ಟರಮ್ಮ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಬಸ್ ಕಂಡಕ್ಟರ್. ವಯಸ್ಸು 41. ಮನೆಯ ಒಂದು ವಿಷಯಕ್ಕೆ ಹೊರಗಿನವರ ಮಾತು ಬೇಕಾಗಿದೆ. ಮನೆಯವರೆಲ್ಲ ಅವರವರ ಕಡೆಗೆ ಎಳೆಯುತ್ತಿದ್ದಾರೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ನ್ಯಾಮತಿ ತಾಲ್ಲೂಕಿನ ಒಂದು ತಾಂಡಾ. ನಾವು ಲಂಬಾಣಿ ಜನ. ನಮ್ಮ ಗುರು ಸೇವಾಲಾಲ್ ಹುಟ್ಟಿದ ಸೂರಗೊಂಡನಕೊಪ್ಪಕ್ಕೆ ಚಿಕ್ಕವರಿದ್ದಾಗ ನಡೆದೇ ಹೋಗುತ್ತಿದ್ದೆವು. ಅಪ್ಪ ಕಟ್ಟಿದ ಎರಡಂಕಣದ ಹೆಂಚಿನ ಮನೆ ಅಲ್ಲಿದೆ. ಮುಂದೆ ಒಂದು ಕಟ್ಟೆ, ಪಕ್ಕದಲ್ಲಿ ಬೇವಿನ ಮರ. ಅಪ್ಪ ತೀರಿಕೊಂಡು ಮೂರು ವರ್ಷ ಆಯಿತು. ಆಮೇಲೆ ಯಾಡಿಯನ್ನು (ನಮ್ಮಲ್ಲಿ ಅವ್ವನಿಗೆ ಯಾಡಿ ಅನ್ನುತ್ತೇವೆ) ನಿಟ್ಟುವಳ್ಳಿಯ ನಮ್ಮ ಬಾಡಿಗೆ ಮನೆಗೆ ಕರೆದುಕೊಂಡು ಬಂದೆ. ಅವತ್ತಿನಿಂದ ಆ ಮನೆಗೆ ಬೀಗ.

2025ರ ಮೇ 20ರಂದು ಹೊಸಪೇಟೆಯಲ್ಲಿ ಸರ್ಕಾರ 1,11,111 ಹಕ್ಕುಪತ್ರ ಕೊಟ್ಟಿತಲ್ಲ, ನಿಮಗೆ ನೆನಪಿರಬಹುದು. ದಾಖಲೆಯಲ್ಲೇ ಇಲ್ಲದ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮ ಮಾಡಿ, ವಾಸ ಇರುವವರ ಹೆಸರಿಗೆ ಪತ್ರ ಕೊಡುವುದು. ನಮ್ಮ ತಾಂಡಾದ್ದೂ ಆಯಿತು. ಪತ್ರ ಯಾಡಿಯ ಹೆಸರಿನಲ್ಲಿದೆ.

ಆ ಪತ್ರ ಕೈಗೆ ಬಂದ ದಿನ ನಾನು ಅತ್ತೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಅಜ್ಜನ ಅಜ್ಜನ ಕಾಲದವರು ಲದೇಣಿ ಮಾಡುತ್ತಿದ್ದರಂತೆ. ಎತ್ತಿನ ಬೆನ್ನಿಗೆ ಗೋಣಿ ಹೇರಿಕೊಂಡು ಉಪ್ಪು, ದವಸ ಸಾಗಿಸುವ ಕೆಲಸ. ಬಿಡಾರ ಹೊಡೆದ ಕಡೆಯೇ ಊರು. ರೈಲು ಬಂತು, ಗಾಡಿ ರಸ್ತೆ ಬಂತು. ಎತ್ತಿನ ಮೇಲೆ ಸಾಗಿಸುವ ಉಪ್ಪು ಯಾರಿಗೂ ಬೇಡವಾಯಿತು. ನಿಂತಲ್ಲೇ ನಿಂತರು. ಹಾಗೆ ನಿಂತ ಒಂದು ಜಾಗ ನಮ್ಮ ತಾಂಡಾ. ಆದರೆ ನಿಂತ ನೆಲ ನಮ್ಮದು ಅಂತ ತೋರಿಸೋಕೆ ಒಂದು ಚೀಟಿ ಇರಲಿಲ್ಲ. ಅಪ್ಪ ಹೆಂಚು ಹೊದಿಸಲು ಸಾಲ ಕೇಳೋಕೆ ಹೋದಾಗ ಮನೆ ಪತ್ರ ತನ್ನಿ ಅಂದರು. ವಾಪಸ್ ಬಂದು ಕಾಫಿ ಸೀಜನ್ನಿನ ಅಡ್ವಾನ್ಸ್ ಹಣದಲ್ಲಿ ಹೆಂಚು ತಂದ.

ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ ಚಿಕ್ಕಮಗಳೂರು ಕಡೆ ಕಾಫಿ ಕೊಯ್ಲಿಗೆ ಹೋಗುತ್ತಿದ್ದೆವು. ಅಪ್ಪ, ಯಾಡಿ, ನಾನು, ತಮ್ಮ. ಲೈನ್ ಮನೆಯಲ್ಲಿ ಒಂದೇ ಕೋಣೆ. ಹಣ್ಣು ಕಿತ್ತಷ್ಟು ತೂಕಕ್ಕೆ ಕೂಲಿ. ಆ ತಿಂಗಳುಗಳಲ್ಲಿ ನನಗೆ ಶಾಲೆ ಇಲ್ಲ. ಐದನೇ ಕ್ಲಾಸಿಗೆ ಸರ್ಕಾರಿ ಹಾಸ್ಟೆಲ್ ಸೇರಿದೆ, ಅದಕ್ಕೇ ಇವತ್ತು ಈ ಕೆಲಸದಲ್ಲಿದ್ದೇನೆ. ತಮ್ಮ ಹಾಸ್ಟೆಲ್ ಸೇರಲಿಲ್ಲ.

ಹೊರಡುವ ದಿನ ಯಾಡಿ ಮಾಡುತ್ತಿದ್ದ ಕೆಲಸ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮನೆ ಸಾರಿಸಿ, ಒಲೆಯಲ್ಲಿ ಕಟ್ಟಿಗೆ ಜೋಡಿಸಿಟ್ಟು, ಪಕ್ಕದಲ್ಲಿ ಒಂದು ಕಡ್ಡಿಪೆಟ್ಟಿಗೆ ಇಟ್ಟು, ಆಮೇಲೆ ಬೀಗ. ಬಂದ ದಿನ ಬೆಂಕಿ ಹುಡುಕಬಾರದು ಅನ್ನುತ್ತಿದ್ದಳು.

ತಮ್ಮ ಈಗ ಗೋವಾದಲ್ಲಿ, ವಾಸ್ಕೋ ಹತ್ತಿರ. ಸೆಂಟ್ರಿಂಗ್ ಕೆಲಸ. ಹೋಗಿ ಹದಿನೆಂಟು ವರ್ಷ ಆಯಿತು. ಅವನ ಮಕ್ಕಳು ಅಲ್ಲೇ ಹುಟ್ಟಿದ್ದು. ಕೊಂಕಣಿ, ಹಿಂದಿ ಮಾತಾಡುತ್ತವೆ. ನಿನ್ನ ಊರು ಯಾವುದು ಅಂದರೆ ಅವನ ಮಗಳು ವಾಸ್ಕೋ ಅನ್ನುತ್ತಾಳೆ. ವಾಸ್ಕೋದವರು ಅವಳನ್ನು ಘಾಟಿ (ಘಟ್ಟದ ಆಚೆಯಿಂದ ಬಂದವರನ್ನು ಹೀಯಾಳಿಸುವ ಮಾತು) ಅನ್ನುತ್ತಾರೆ. ಹೋದ ವರ್ಷ ಅವಳು ಫೋನಿನಲ್ಲಿ "ಅತ್ತೆ, ಘಾಟಿ ಅಂದರೆ ಏನು?" ಅಂತ ಕೇಳಿದಾಗ ನನ್ನ ಬಾಯಿಂದ ಮಾತೇ ಬರಲಿಲ್ಲ.

ತಮ್ಮ ಮಾರೋಣ ಅನ್ನುತ್ತಾನೆ. ಅಲ್ಲೇ ಒಂದು ರೂಮು ಕೊಳ್ಳೋಕೆ ಮುಂಗಡ ಆಗುತ್ತದಂತೆ. "ಅಕ್ಕಾ, ಯಾರಿಗೆ ಅಂತ ಇಟ್ಟುಕೊಳ್ಳೋದು? ನೀನು ಹೋಗ್ತೀಯಾ? ನಾನು ಹೋಗ್ತೀನಾ?" ಅನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪು ಹುಡುಕೋಕೆ ನನಗೆ ಆಗುತ್ತಿಲ್ಲ. ಮನೆ ಇಲ್ಲದ ಕಷ್ಟ ಅವನಿಗೆ ಗೊತ್ತು.

ಆದರೂ ನನಗೆ ಒಪ್ಪಿಗೆ ಇಲ್ಲ. ನಾನು ಹೆಣ್ಣುಮಗಳು, ನಮ್ಮ ಪದ್ಧತಿಯಲ್ಲಿ ಆ ಮನೆ ಬಿಟ್ಟು ಬಂದವಳು. ಮದುವೆಯಲ್ಲಿ ನಮ್ಮ ಹುಡುಗಿಯರು ಢಾವ್ಲೋ ಹಾಡುತ್ತಾರೆ. ಅಪ್ಪನ ಮನೆ, ಅಣ್ಣತಮ್ಮಂದಿರು, ತಾಂಡಾ ಎಲ್ಲವನ್ನೂ ನೆನೆಸಿಕೊಂಡು, ಒಬ್ಬೊಬ್ಬರ ಕೊರಳು ತಬ್ಬಿ ಅಳುತ್ತಾ ಹಾಡೋದು. ನಾನೂ ಹಾಡಿದ್ದೇನೆ. ಹಾಗೆ ಅತ್ತು ಬಿಟ್ಟು ಬಂದ ಮನೆಯ ಬಗ್ಗೆ ಈಗ ನಾನೇ ಹಟ ಮಾಡೋದು ಸರಿಯಾ?

ಇನ್ನೊಂದು ವಿಷಯ. ಪ್ರತಿ ಫೆಬ್ರವರಿಯಲ್ಲಿ ಸೇವಾಲಾಲ್ ಜಯಂತಿಗೆ ಸೂರಗೊಂಡನಕೊಪ್ಪದ ಜಾತ್ರೆ. ಮಹಾರಾಷ್ಟ್ರ, ತೆಲಂಗಾಣದಿಂದೆಲ್ಲ ಜನ ಬರುತ್ತಾರೆ. ಎರಡು ವರ್ಷದ ಹಿಂದೆ ಆ ಸಮಯಕ್ಕೆ ಹೊನ್ನಾಳಿ ಕಡೆಯ ಬಸ್ಸಿನಲ್ಲಿ ನನಗೆ ಡ್ಯೂಟಿ ಇತ್ತು. ನಾಂದೇಡ್ ಕಡೆಯ ಒಬ್ಬ ಅಜ್ಜಿ ಟಿಕೆಟ್ಟಿಗೆ ದುಡ್ಡು ಕೊಡುತ್ತಾ ಮರಾಠಿಯಲ್ಲಿ ಏನೋ ಕೇಳಿದಳು. ನಾನು ನಮ್ಮ ಮಾತಿನಲ್ಲೇ ಉತ್ತರ ಕೊಟ್ಟೆ. ಅಜ್ಜಿ ನನ್ನ ಕೈ ಹಿಡಿದುಕೊಂಡಳು, ಮಲೇಬೆನ್ನೂರು ಬರೋವರೆಗೂ ಬಿಡಲಿಲ್ಲ. ನಮ್ಮ ಕುಲ ಕೇಳಿದಳು. ರಾಠೋಡ ಅಂದೆ. ಅವಳೂ ರಾಠೋಡರ ಮಗಳಂತೆ. ಹಿಂದಿನ ಸೀಟಿನಲ್ಲಿದ್ದ ತೆಲಂಗಾಣದ ಗಂಡಸು, ನಾವು ಭುಕ್ಯಾ, ನಾವೂ ಅದೇ ರಾಠೋಡರು ಅಂದ. ಒಂದೇ ಕುಲದ ಮೂರು ಜನ. ಅವನು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ನಾನು ಇಲ್ಲಿ ಪರಿಶಿಷ್ಟ ಜಾತಿ, ಆ ಅಜ್ಜಿ ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ನಮ್ಮ ಮಾತಿಗೆ ಸ್ವಂತ ಲಿಪಿ ಇಲ್ಲ. 2011ರ ಜನಗಣತಿಯಲ್ಲಿ ಮಾತೃಭಾಷೆ ಲಮಾಣಿ, ಲಂಬಾಡಿ ಅಂತ ಬರೆಸಿದವರು 32 ಲಕ್ಷಕ್ಕೂ ಜಾಸ್ತಿ. ಅಷ್ಟೂ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದ್ದಾರೆ. ನನ್ನ ಯಾಡಿಗೆ ಹಿಂದಿಯ ಒಂದು ವಾಕ್ಯ ಬರೋದಿಲ್ಲ.

ಎಲ್ಲ ಪಟ್ಟಿಯಲ್ಲೂ ಹೀಗೆ ಹಂಚಿಹೋದ ನಮಗೆ, ಇದು ನಿನ್ನ ನೆಲ ಅಂತ ಮೊದಲ ಸಲ ಒಂದು ಕಾಗದ ಬಂದಿದೆ. ಅದನ್ನು ಒಂದು ವರ್ಷದೊಳಗೆ ಮಾರೋದಾ?

ನನ್ನ ಮಗಳು ಒಂಬತ್ತನೇ ಕ್ಲಾಸು. ನಮ್ಮ ಮಾತು ಅರ್ಥ ಆಗುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಕೊಡುತ್ತಾಳೆ. ಅವಳಿಗೆ ಆ ಮನೆ ಅಂದರೆ ಬೇಸಿಗೆ ರಜೆಯ ಬೇವಿನ ಮರ, ಅಷ್ಟೇ.

ಇಂಥದ್ದನ್ನು ಅನುಭವಿಸಿದವರು ಇದ್ದರೆ ಹೇಳಿ. ಮಾರಿದವರೂ ಹೇಳಿ.

ಹರಪನಹಳ್ಳಿ ಹುಡುಗ

ಅಕ್ಕಾ, ನಾನು ಮಾರಿ ಅಂತಲೇ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಹುಟ್ಟಿದಾಗ ನಮ್ಮೂರು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ನಾವು ಮನೆ ಬಿಟ್ಟು ಕದಲಿಲ್ಲ, ಜಿಲ್ಲೆ ಮಾತ್ರ ಬದಲಾಗುತ್ತಾ ಹೋಯಿತು. ಅದಕ್ಕೇ ಕಾಗದದ ಮೇಲೆ ನನಗೆ ಅಷ್ಟು ಪ್ರೀತಿ ಇಲ್ಲ.

ನಮ್ಮ ಅಜ್ಜನದು ಮಣ್ಣಿನ ಮಾಳಿಗೆ ಮನೆ ಇತ್ತು. ಅಪ್ಪ, ಚಿಕ್ಕಪ್ಪ ಇಬ್ಬರೂ ಮಾರೋಕೆ ಒಪ್ಪಲಿಲ್ಲ. ಅಲ್ಲಿ ಇರೋಕೂ ಹೋಗಲಿಲ್ಲ. ಬೀಗ ಹಾಕಿಟ್ಟರು. ಮಾಳಿಗೆ ಮನೆಗೆ ವರ್ಷಾ ವರ್ಷ ಮೇಲೆ ಮಣ್ಣು ಹಾಕಿ ಬಡಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಎರಡೇ ಮಳೆಗಾಲ. ಒಂದು ರಾತ್ರಿ ಕೂತೇ ಬಿಟ್ಟಿತು. ತೊಲೆ, ಕಂಬ ಯಾರೋ ಹೊತ್ತುಕೊಂಡು ಹೋದರು. ಈಗ ಅಲ್ಲಿ ಜಾಲಿ ಬೆಳೆದಿದೆ. ಹಬ್ಬಕ್ಕೆ ಹೋದಾಗ ಅಪ್ಪ ಆ ಬೀದಿಗೇ ಕಾಲಿಡೋದಿಲ್ಲ, ಸುತ್ತಿಕೊಂಡು ಹೋಗುತ್ತಾರೆ.

ಬೀಗ ಹಾಕಿದ ಮನೆಯನ್ನು ಉಳಿಸಿಕೊಂಡಿದ್ದೇವೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಉಳಿಯೋದಿಲ್ಲ. ನಿಮ್ಮ ತಮ್ಮ ಪರ ಊರಿನಲ್ಲಿ ಹದಿನೆಂಟು ವರ್ಷ ಬಾಡಿಗೆ ಕಟ್ಟಿದ್ದಾರೆ. ಆ ಹಣದಿಂದ ಅವರ ಮಕ್ಕಳಿಗೆ ಒಂದು ಸೂರು ಆದರೆ, ನಿಮ್ಮ ಅಪ್ಪ ಹಾಕಿದ ಹೆಂಚೇ ಅಲ್ಲಿ ಹೋಗಿ ಕೂತ ಹಾಗೆ ಅಲ್ವಾ?

ಹಳೇ ಗುಮಾಸ್ತ

ತಂಗಿ, ನಾನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವನು. ಕೆಲವು ವಿಷಯ ನೇರವಾಗಿ ಹೇಳುತ್ತೇನೆ.

ಪತ್ರ ತಾಯಿಯ ಹೆಸರಿನಲ್ಲಿದೆ ಅಂದಿರಿ. ಹಾಗಾದರೆ ಆ ಮನೆ ತಾಯಿಯದು. ಅವರು ಇರೋವರೆಗೆ ಮಗನಿಗೂ ಪಾಲಿಲ್ಲ, ಮಗಳಿಗೂ ಪಾಲಿಲ್ಲ. ಅವರ ನಂತರ, ಉಯಿಲು ಇಲ್ಲದಿದ್ದರೆ, ನಿಮ್ಮಿಬ್ಬರಿಗೂ ಸಮ. ಹೆಣ್ಣುಮಗಳು ಬಿಟ್ಟು ಬಂದವಳು ಅನ್ನೋದು ಪದ್ಧತಿಯ ಮಾತು, ಕಾನೂನಿನಲ್ಲಿ ಹಾಗಿಲ್ಲ. ನೀವು ಅಷ್ಟು ಉದ್ದ ಬರೆದಿರಿ. ತಮ್ಮ ಏನು ಹೇಳಿದ, ನಿಮಗೆ ಏನು ಅನಿಸಿತು, ಮಗಳಿಗೆ ಏನು ನೆನಪು, ಎಲ್ಲ ಇದೆ. ತಾಯಿ ಏನು ಹೇಳಿದರು ಅನ್ನೋದು ಒಂದು ಸಾಲೂ ಇಲ್ಲ. ಅವರನ್ನು ಕೇಳಿದಿರಾ?

ಮಾರುವ ಮಾತು ಬಂದರೆ ಹಕ್ಕುಪತ್ರದಲ್ಲಿ ಬರೆದಿರುವ ಷರತ್ತುಗಳನ್ನು ಒಂದೊಂದೂ ಓದಿ. ಉಪ ನೋಂದಣಿ ಕಚೇರಿಯಲ್ಲಿ ವಿಚಾರಿಸಿ. ಮುಂಗಡ ಮಾತ್ರ ಈಗಲೇ ಯಾರ ಹತ್ತಿರವೂ ತೆಗೆದುಕೊಳ್ಳಬೇಡಿ.

ತಮ್ಮನ ಮಕ್ಕಳ ವಿಷಯ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿ ಗೋವಾದಲ್ಲಿ ನಡೆಯೋದಿಲ್ಲ. ರಾಜ್ಯ ದಾಟಿದರೆ ಅಲ್ಲಿನ ಮೀಸಲಾತಿ ಸಿಗೋದಿಲ್ಲ. ಮನೆ ಮಾರಿದ ಮಾತ್ರಕ್ಕೆ ಇಲ್ಲಿನ ಜಾತಿ ಹೋಗೋದೂ ಇಲ್ಲ. ಆದರೆ ನಾಳೆ ಆ ಮಕ್ಕಳು ಪ್ರಮಾಣಪತ್ರ ಕೇಳಿದಾಗ ಅಪ್ಪ, ಅಜ್ಜ ಎಲ್ಲಿಯವರು ಅಂತ ತೋರಿಸಬೇಕಾಗುತ್ತದೆ. ಅಜ್ಜನ ಪಡಿತರ ಚೀಟಿ, ತಮ್ಮನ ಶಾಲೆಯ ಟಿಸಿ, ಹಳೇ ಮತದಾರರ ಪಟ್ಟಿಯ ಪ್ರತಿ, ಏನೇ ಇರಲಿ, ಒಂದನ್ನೂ ಎಸೆಯಬೇಡಿ. ನಿಮ್ಮ ಹಳೇ ಕಾಗದದಲ್ಲಿ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು ಅಂತ ಇರುತ್ತದೆ. ಈಗ ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕು. ಎರಡೂ ಒಂದೇ ಊರು ಅಂತ ತೋರಿಸೋದಕ್ಕೇ ಜನ ಕಚೇರಿಗೆ ಎಷ್ಟು ಅಲೆಯುತ್ತಾರೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕಂಡಕ್ಟರಮ್ಮ (ದಾವಣಗೆರೆ)

ಸರ್, ನೀವು ಕೇಳಿದ ಪ್ರಶ್ನೆ ಓದಿ ಸುಮ್ನೆ ಕೂತುಬಿಟ್ಟೆ. ಇಲ್ಲ, ಕೇಳಿಲ್ಲ. ಯಾಡಿ ಪಕ್ಕದ ಕೋಣೆಯಲ್ಲೇ ಇದ್ದಾಳೆ. ನಾನು, ತಮ್ಮ ಫೋನಿನಲ್ಲಿ ಮಾತಾಡಿದ್ದೆಲ್ಲ ಅವಳ ಕಿವಿಗೆ ಬಿದ್ದಿದೆ. ಅವಳು ಏನೂ ಅನ್ನಲಿಲ್ಲ, ನಾವೂ ಕೇಳಲಿಲ್ಲ. ತಪ್ಪಾಯಿತು.

ಕಾಲುವೆ ಕ್ಯಾಂಪ್

ಮೇಡಂ, ನಮ್ಮದು ಮಲೇಬೆನ್ನೂರು ಕಡೆ. ಜನ ನಮ್ಮನ್ನು ಕ್ಯಾಂಪಿನವರು ಅನ್ನುತ್ತಾರೆ. ಭದ್ರಾ ನಾಲೆಯ ನೀರು ಬಂದ ಕಾಲದಲ್ಲಿ, 1960ರ ದಶಕದಲ್ಲಿ, ನಮ್ಮ ತಾತ ಗೋದಾವರಿ ಸೀಮೆಯಿಂದ ಇಲ್ಲಿಗೆ ಬಂದರು. ಅಲ್ಲಿ ಇದ್ದ ಒಂದೂವರೆ ಎಕರೆಯನ್ನೂ ಮನೆಯನ್ನೂ ಮಾರಿ, ಇಲ್ಲಿ ಅದೇ ದುಡ್ಡಿಗೆ ಜಾಸ್ತಿ ಜಮೀನು ತೆಗೆದುಕೊಂಡರು. ಭತ್ತ ಹಾಕಿದರು. ನಾವು ಚೆನ್ನಾಗಿಯೇ ಇದ್ದೇವೆ. ಆ ಮಾರಾಟ ಇಲ್ಲದಿದ್ದರೆ ನಾವು ಇಲ್ಲ, ಅದನ್ನು ಮೊದಲೇ ಹೇಳುತ್ತೇನೆ.

ಆದರೆ ತಾತನ ಕೊನೆಯ ದಿನಗಳು ನೆನಪಿವೆ. ಸಂಜೆ ಆದರೆ ಕಟ್ಟೆ ಮೇಲೆ ಕೂತು, "ಮನೆಗೆ ಹೋಗೋಣ ಏಳಿ" ಅನ್ನುತ್ತಿದ್ದರು. ಇದೇ ಮನೆ ತಾತ ಅಂದರೆ ಕೇಳುತ್ತಿರಲಿಲ್ಲ. ಅವರು ಹೋಗೋಣ ಅಂದ ಮನೆ ಮಾರಿ ಆಗಲೇ ನಲವತ್ತು ವರ್ಷ ಆಗಿತ್ತು.

ನಾನು ಹೋದ ವರ್ಷ ಆ ಊರನ್ನು ಹುಡುಕಿಕೊಂಡು ಹೋದೆ. ತಾತ ಹೇಳುತ್ತಿದ್ದ ಕೆರೆಯ ಮೆಟ್ಟಿಲು ಇದೆ. ಮನೆ ಇದ್ದ ಜಾಗದಲ್ಲಿ ಬೇರೆಯವರು ಮೂರಂತಸ್ತು ಕಟ್ಟಿದ್ದಾರೆ. ಒಳಗೆ ಕರೆದು ಮಜ್ಜಿಗೆ ಕೊಟ್ಟರು, ಒಳ್ಳೆಯ ಜನ. ನನ್ನ ತೆಲುಗು ಕೇಳಿ ನಕ್ಕರು. ನಿಮ್ಮದು ಕನ್ನಡದ ತೆಲುಗು ಅಂದರು. ಇಲ್ಲಿ ಹರಿಹರದ ಸಂತೆಯಲ್ಲಿ ನನ್ನನ್ನು ಈಗಲೂ ಆಂಧ್ರದವರು ಅನ್ನುತ್ತಾರೆ. ನನ್ನ ಮಕ್ಕಳಿಗೆ ತೆಲುಗು ಓದೋಕೆ ಬರೋದಿಲ್ಲ.

ನನಗೆ ಗೊತ್ತಿರೋದು ಇಷ್ಟೇ. ತಾತ ಮಾರುವಾಗ ಅಜ್ಜಿಯನ್ನು ಕೇಳಿರಲಿಲ್ಲ. ಅಜ್ಜಿ ಅದನ್ನು ಸಾಯೋವರೆಗೂ ಹೇಳುತ್ತಿದ್ದರು. ಮೇಲೆ ಗುಮಾಸ್ತರು ಬರೆದದ್ದನ್ನು ಓದಿದಾಗ ನನಗೆ ಅಜ್ಜಿಯೇ ನೆನಪಾದರು.

ಇನ್ನೊಂದು, ಖಾಲಿ ಬಿಡಬೇಡಿ. ನಿಮ್ಮ ತಾಂಡಾದಲ್ಲೇ ಮನೆ ಇಲ್ಲದವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಇರಿಸಿ. ಸಂಜೆ ದೀಪ ಹಚ್ಚೋರು ಇದ್ದರೆ ಗೆದ್ದಲೂ ಹತ್ತೋದಿಲ್ಲ.

ಪಿ.ಜೆ. ಬಡಾವಣೆ, ಈಗ ಟೊರೊಂಟೊ

ನಾನು ಮಾರಿದವನು. ಆರು ವರ್ಷ ಆಯಿತು. ಒಳ್ಳೆಯ ಬೆಲೆ ಬಂತು, ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ, ಅಲ್ಲಿ ನೋಡಿಕೊಳ್ಳೋರು ಇರಲಿಲ್ಲ. ತಪ್ಪು ಮಾಡಿದೆ ಅಂತ ಈಗಲೂ ಅನಿಸೋದಿಲ್ಲ.

ಆದರೆ ಹೋದ ಡಿಸೆಂಬರ್ ದಾವಣಗೆರೆಗೆ ಬಂದಾಗ ಲಾಡ್ಜಿನಲ್ಲಿ ರೂಮು ತೆಗೆದುಕೊಂಡೆ. ಅಲ್ಲಿನ ಪುಸ್ತಕದಲ್ಲಿ "ಯಾವ ಊರಿಂದ ಬಂದಿರಿ" ಅನ್ನೋ ಕಡೆ ಪೆನ್ನು ಹಿಡಿದು ತುಂಬಾ ಹೊತ್ತು ನಿಂತೆ. ನಾನು ಹುಟ್ಟಿದ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಇದನ್ನು ಯಾರಿಗೂ ಹೇಳಿರಲಿಲ್ಲ, ನೀವು ಮಾರಿದವರೂ ಹೇಳಿ ಅಂದದ್ದಕ್ಕೆ ಬರೆದೆ.

ಕಂಡಕ್ಟರಮ್ಮ (ದಾವಣಗೆರೆ)

ಮೂರು ವಾರ ಆಯಿತು. ಉತ್ತರ ಕೊಟ್ಟ ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಯಾಡಿಯನ್ನು ಕೇಳಿದೆ. ಕೇಳಿದ ದಿನ ಉತ್ತರ ಕೊಡಲಿಲ್ಲ. ನನ್ನ ವಾರದ ರಜೆಯ ದಿನ ಕರೆದುಕೊಂಡು ಹೋಗು ಅಂದಳು, ಅಷ್ಟೇ. ಮಗಳನ್ನೂ ಕರೆದುಕೊಂಡು ಹೊರಟೆವು. ನಾನು ಪ್ಯಾಸೆಂಜರ್ ಆಗಿ ಕಿಟಕಿ ಪಕ್ಕ ಕೂತು ಆ ದಾರಿಯಲ್ಲಿ ಹೋಗಿ ಎಷ್ಟೋ ವರ್ಷ ಆಗಿತ್ತು.

ಬೀಗ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ತೆಗೆದೆವು. ಒಳಗೆ ಒಂದು ಮೂಲೆಯಲ್ಲಿ ಹೆಂಚು ಜಾರಿ ಗೋಡೆ ನೆನೆದಿದೆ. ಹರಪನಹಳ್ಳಿಯ ತಮ್ಮ, ನೀವು ಹೇಳಿದ್ದು ನಿಜ. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಆ ಗೋಡೆ ಹೋಗುತ್ತಿತ್ತು. ಯಾಡಿ ನೇರವಾಗಿ ಆ ಗೋಡೆ ಹತ್ತಿರ ಹೋಗಿ ಅಂಗೈ ಇಟ್ಟಳು. ಈ ಮಣ್ಣು ತುಳಿದದ್ದು ನಾನು ಅಂದಳು. ಆಗ ತಮ್ಮ ಹೊಟ್ಟೆಯಲ್ಲಿದ್ದನಂತೆ. ಅಪ್ಪ ಕಲ್ಲು ಹೊರೋಕೆ ಹೋಗಿದ್ದನಂತೆ. ಇವಳೇ ನೀರು ಹೊತ್ತು, ಮಣ್ಣು ತುಳಿದು, ಉಂಡೆ ಮಾಡಿ ಕೊಟ್ಟಳಂತೆ. ಈ ಮನೆ ಅಪ್ಪ ಕಟ್ಟಿದ್ದು ಅಂತ ನಾನು ಮೊದಲ ದಿನ ಬರೆದೆ. ನಲವತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಯಾಡಿಯ ತವರು ಶಿಕಾರಿಪುರ ಕಡೆಯ ತಾಂಡಾ. "ನಾನೂ ಢಾವ್ಲೋ ಹಾಡಿಕೊಂಡೇ ಇಲ್ಲಿಗೆ ಬಂದವಳು. ಬಂದಾಗ ಇದು ನನ್ನ ಊರಲ್ಲ. ಮಣ್ಣು ತುಳಿದ ಮೇಲೆ ನನ್ನದಾಯಿತು" ಅಂದಳು. ನನ್ನ ಮಗಳ ಕಡೆ ನೋಡಿ, ಇವಳು ಏನು ತುಳಿದಿದ್ದಾಳೆ ಹೇಳು ಅಂದಳು. ಬೈಗುಳ ಅಲ್ಲ ಅದು, ನಿಜವಾಗಿಯೂ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರೋದು ಬೇಡ ಅಂತ ಅವಳೇ ತಮ್ಮನಿಗೆ ಫೋನು ಮಾಡಿದಳು. "ನಾನು ಸತ್ತ ಮೇಲೆ ನೀವಿಬ್ಬರೂ ಏನಾದರೂ ಮಾಡಿಕೊಳ್ಳಿ" ಅಂದಳು. ತಮ್ಮ ಫೋನು ಇಟ್ಟುಬಿಟ್ಟ. ನನಗೆ ಹೊಟ್ಟೆಯಲ್ಲಿ ಸಂಕಟ. ಅವನ ರೂಮಿನ ಕನಸು ಹೋಯಿತು, ಅದು ಸಣ್ಣ ವಿಷಯ ಅಲ್ಲ. ನನ್ನ ಸೊಸೈಟಿ ಸಾಲದಲ್ಲಿ ಎಷ್ಟು ಆಗುತ್ತದೋ ಅಷ್ಟು ಕೊಡುತ್ತೇನೆ ಅಂತ ಮೆಸೇಜು ಹಾಕಿದ್ದೇನೆ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ, ದೀಪಾವಳಿಗೆ ಎಷ್ಟು ದಿನ ರಜೆ ಸಿಗುತ್ತದೋ ನೋಡಬೇಕು ಅಂತ ಬರೆದ. ಸಾಲದ ಮಾತು ಎತ್ತಲಿಲ್ಲ. ಅದರ ಅರ್ಥ ಏನು ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಕ್ಯಾಂಪಿನ ಅಣ್ಣ ಹೇಳಿದ ಮಾತು ಯಾಡಿಗೆ ಹೇಳಿದೆ. ಅವಳು ಆಗಲೇ ಯೋಚಿಸಿಕೊಂಡು ಬಂದಿದ್ದಳು. ನಮ್ಮ ಮನೆಯ ಹಿಂದೆ ಒಬ್ಬ ಹುಡುಗ, ಹೆಂಡತಿ ತಗಡಿನ ಶೆಡ್ಡಿನಲ್ಲಿದ್ದಾರೆ. ಎರಡು ತಿಂಗಳ ಕೂಸಿದೆ. ಈ ಸಲದ ಕಾಫಿಗೆ ಅವಳು ಹೋಗೋದಿಲ್ಲ, ಅವನೊಬ್ಬನೇ ಹೋಗುತ್ತಾನೆ. ಅವರಿಗೆ ಯಾಡಿ ಕೀಲಿ ಕೊಟ್ಟಳು. ಬಾಡಿಗೆ ಇಲ್ಲ. ಹೆಂಚು ಸರಿ ಮಾಡಿಕೊಳ್ಳಬೇಕು, ದೀಪಾವಳಿಗೆ ನಾವು ಬಂದಾಗ ಒಂದು ಅಂಕಣ ಬಿಟ್ಟುಕೊಡಬೇಕು. ಇದನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕಾ ಅಂತ ಗುಮಾಸ್ತರನ್ನು ಕೇಳಬೇಕಿದೆ. ಸರ್, ದಯವಿಟ್ಟು ತಿಳಿಸಿ. ನೀವು ಹೇಳಿದ ಹಾಗೆ ಹಳೇ ಟ್ರಂಕು ತೆಗೆದು ನೋಡಿದೆ. ಅಜ್ಜನ ಪಡಿತರ ಚೀಟಿ ಸಿಕ್ಕಿತು. ಶಿವಮೊಗ್ಗ ಜಿಲ್ಲೆ ಅಂತಲೇ ಇದೆ.

ದೀಪಾವಳಿ ಅಮಾವಾಸ್ಯೆಯ ರಾತ್ರಿ ನಮ್ಮ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆ ಮನೆಗೆ ಹೋಗಿ ಹಿರಿಯರಿಗೆ ಮೇರಾ ಹೇಳುತ್ತಾರೆ, ಅಂದರೆ ಹಾಡಿ ಹಾರೈಸುತ್ತಾರೆ. ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳು ಯಾಡಿಯನ್ನು, ಆ ಊರಲ್ಲಿ ಇರದೇ ಇದ್ದವರೂ ಮೇರಾ ಹೇಳಬಹುದಾ ಅಂತ ಕೇಳಿದಳು. ಯಾಡಿ ಹೇಳಿಕೊಟ್ಟಳು. ಮಗಳು ವಿಜ್ಞಾನದ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡಳು. ಒಂದು ಶಬ್ದ ಹೇಗೆ ಬರೆಯೋದು ಅಂತ ನನ್ನನ್ನು ಕೇಳಿದಳು. ನನಗೂ ಗೊತ್ತಾಗಲಿಲ್ಲ. ಕನ್ನಡದಲ್ಲಿ ಆ ಸದ್ದಿಗೆ ಅಕ್ಷರ ಇಲ್ಲ.

ಒಂದು ಮಾತು ಬಿಟ್ಟೆ. ಹೊರಡೋ ಮುಂಚೆ ಯಾಡಿ ಬೇವಿನ ಮರದ ಕೆಳಗೆ ಬಿದ್ದಿದ್ದ ಒಣ ಕಟ್ಟಿಗೆ ಆರಿಸಿ ತಂದಳು. ಒಲೆಯ ಧೂಳು ಗುಡಿಸಿ, ಮೂರು ಕಟ್ಟಿಗೆ ಜೋಡಿಸಿಟ್ಟಳು. ನಾಳೆ ಇಲ್ಲಿಗೆ ಬರೋದು ಅವರು ಯಾಡಿ, ಅವರ ಹತ್ತಿರ ಗ್ಯಾಸ್ ಇದೆ ಅಂದೆ.

"ಯಾರಾದರೂ ಬರಲಿ" ಅಂದಳು. ಕಡ್ಡಿಪೆಟ್ಟಿಗೆ ಇದೆಯಾ ಅಂತ ಕೇಳಿದಳು. ಪಕ್ಕದ ಅಂಗಡಿಗೆ ಹೋಗಿ ತಂದುಕೊಟ್ಟೆ.